ನಿಂತವರ ಬೀದಿಯಲ್ಲಿ ಒಂಬತ್ತನೆಯ ಪಾಠ

ನನ್ನ ಗಂಡ ಗುರುಮಲ್ಲು ನಮ್ಮೂರಿನ ದೊಡ್ಡ ಬೀದಿಯಲ್ಲಿ, ಬೀಗ ಬಿದ್ದ ಟಾಕೀಸಿನ ಮುಂದೆ, ಬಲಗೈಯನ್ನು ಮೇಲಕ್ಕೆತ್ತಿ ಮುಷ್ಟಿ ಕಟ್ಟಿಕೊಂಡು ನಲವತ್ತು ವರ್ಷದ ಹತ್ತಿರ ನಿಂತಿದ್ದ. ಅಷ್ಟು ವರ್ಷವೂ ಅವನಿಗೆ ಇಪ್ಪತ್ತಾರೇ. ನನಗೆ ಮಾತ್ರ ಅರವತ್ತು ದಾಟಿತು. ಅವನು ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಆವತ್ತು ಬೆಳಿಗ್ಗೆ ಗಿರಣಿಗೆ ಹೋಗುವ ಹೊತ್ತು ಮೀರಿದ್ದರೂ ಹೋಗದೆ, ಒಗೆದ ಅಂಗಿ ಹಾಕಿಕೊಂಡು, "ಅನ್ನಕ್ಕಿಡು, ಬಂದೆ" ಎಂದು ಹೊರಟ. ನನಗೆ ತುಂಬಿದ ತಿಂಗಳು. ಎದ್ದು ಬಾಗಿಲವರೆಗೆ ಹೋಗುವುದಕ್ಕೂ ಸೋಮಾರಿತನ. ಎಲ್ಲಿಗೆ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಗೋಲಿಬಾರಾಯಿತು. ಗುಂಡು ತಗಲದವರು ಓಡಿ ಮನೆ ಸೇರಿದರು. ತಗಲಿದವರು ಬೀಳಲಿಲ್ಲ, ನಿಂತುಬಿಟ್ಟರು. ಕೂಗುತ್ತಿದ್ದ ಬಾಯಿ ಕೂಗುತ್ತಿದ್ದ ಹಾಗೆಯೇ, ಎತ್ತಿದ ಕಾಲು ಎತ್ತಿದ ಹಾಗೆಯೇ. ಪೊಲೀಸಿನವರು ಹಗ್ಗ ಕಟ್ಟಿ ಲಾರಿಯಿಂದ ಎಳೆಸಿದರು. ಹಗ್ಗ ಹರಿಯಿತೇ ಹೊರತು ಒಬ್ಬರೂ ಅಲ್ಲಾಡಲಿಲ್ಲ. ಎರಡು ವಾರ ನೋಡಿ ಅವರೂ ಕೈಬಿಟ್ಟರು.

ಊರು ಎಂಥದಕ್ಕೂ ಒಗ್ಗಿಕೊಳ್ಳುತ್ತದೆ. ಬಸ್ಸಿನವರು ಅವರ ನಡುವೆ ಬಳಸಿಕೊಂಡು ಹೋಗುವುದನ್ನು ಕಲಿತರು. ಕಂಡಕ್ಟರು "ನಿಂತವರ ಬೀದಿ, ಇಳೀರಿ ಇಳೀರಿ" ಎಂದು ಕೂಗತೊಡಗಿದ. ಮಲ್ಲಿಗೆ ಮಾರುವವಳಿಗೆ ಯಾರದೋ ಚಾಚಿದ ತೋಳು ದಂಡೆ ನೇತುಹಾಕುವುದಕ್ಕೆ ಅನುಕೂಲವಾಯಿತು. ಮಂತ್ರಿಗಳು ಬರುವ ದಿನ ನಗರಸಭೆಯವರು ಎಲ್ಲರ ಮೇಲೂ ಬಿಳಿ ಬಟ್ಟೆ ಹೊದಿಸಿ, ಹೋದ ಮೇಲೆ ಮಡಚಿಕೊಂಡು ಹೋಗುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಮನೆಮನೆಯವರು ಬಂದು ಅವರವರ ಮನುಷ್ಯರ ಮೈಮೇಲಿನ ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ಮೈ ಹಾಗೇ ಉಳಿದರೂ ಬಟ್ಟೆ ಉಳಿಯುತ್ತದೆಯೇ? ಬಿಸಿಲಿಗೆ ಪಿಸಿದು ಹೋಗುತ್ತಿತ್ತು. ಎತ್ತಿದ ಕೈಗೆ ಅಂಗಿ ತೊಡಿಸುವುದು ಹೇಗೆಂದು ಒದ್ದಾಡಿ, ಬೆನ್ನಿನ ಕಡೆ ಪೂರ್ತಿ ತೆರೆದು ದಾರ ಕಟ್ಟುವಂಥ ಅಂಗಿಯನ್ನು ನಾನೇ ಕತ್ತರಿಸಿ ಹೊಲಿದೆ. ಅದನ್ನು ನೋಡಿ ಬೇರೆ ಮನೆಯವರೂ ಹೊಲಿಸಿಕೊಂಡರು. ಹೊಲಿಗೆ ನನ್ನ ಕಸುಬಾದದ್ದೇ ಹಾಗೆ. ಟಾಕೀಸಿನ ಜಗಲಿಯ ಮೇಲೆ, ಗುರುಮಲ್ಲುವಿನಿಂದ ನಾಲ್ಕು ಮಾರು ದೂರದಲ್ಲಿ, ಮಿಷನ್ನು ಹಾಕಿಕೊಂಡು ಕೂತೆ. ಅವನ ಎದೆಯ ಎಡಕ್ಕೆ ಒಂದು ತೂತಿತ್ತು. ಅದರಿಂದ ಒಂದು ಹನಿಯೂ ಬಂದಿರಲಿಲ್ಲ. ಅಂಗಿ ಬದಲಿಸುವಾಗೆಲ್ಲ ನಾನು ಅತ್ತ ನೋಡದೆ ಬೆನ್ನಿನ ದಾರ ಕಟ್ಟುತ್ತಿದ್ದೆ.

ಅವರೆಲ್ಲ ಯಾಕೆ ನಿಂತರು ಎಂದು ಯಾರೂ ಮಾತಾಡುತ್ತಿರಲಿಲ್ಲ. ಮೊದಲು ಹೆದರಿಕೆಯಿತ್ತು. ಮಾತಾಡಿದವರ ಮನೆ ಮುಂದೆ ಜೀಪು ಬಂದು ನಿಲ್ಲುತ್ತಿತ್ತು. ಆಮೇಲೆ ಹೆದರಿಕೆ ಹೋಯಿತು, ಮಾತಾಡದಿರುವುದು ಮಾತ್ರ ಉಳಿಯಿತು. ನನಗೆ ಗೊತ್ತಿದ್ದದ್ದು ಇಷ್ಟೆ: ನಮ್ಮೂರಿನ ಮುಖಂಡರಾದ ರಾಮಶೇಷಯ್ಯನವರನ್ನು ಆಗ ಜೈಲಿಗೆ ಹಾಕಿದ್ದರು, ಅವರನ್ನು ಬಿಡಿ ಅಂತ ಇವರು ಮೆರವಣಿಗೆ ಹೊರಟಿದ್ದರು. ರಾಮಶೇಷಯ್ಯನವರು ಬಿಡುಗಡೆಯಾದರು, ಮಂತ್ರಿಯಾದರು, ಬಹಳ ವರ್ಷ ಬಾಳಿ ತೀರಿಕೊಂಡರು. ಬೀದಿಯ ಆ ತುದಿಗೆ ಅವರ ಪ್ರತಿಮೆಯಿದೆ. ಶಾಲೆಯ ಪುಸ್ತಕದಲ್ಲಿ ಅವರು ಮಾತುಕತೆಯಿಂದಲೇ ಊರಿನ ಹಕ್ಕನ್ನು ಗೆದ್ದುಕೊಟ್ಟರು ಎಂದು ಬರೆದಿದೆ. ನಿಂತವರ ಮಾತು ಅದರಲ್ಲಿಲ್ಲ.

ಅಪ್ಪ ನಿಂತ ಇಪ್ಪತ್ತು ದಿನಕ್ಕೆ ಹುಟ್ಟಿದವಳು ನನ್ನ ಮಗಳು ನಿರ್ಮಲ. ಅವನ ಮೊಣಕಾಲು ಹಿಡಿದುಕೊಂಡೇ ನಡೆಯಲು ಕಲಿತಳು. ಈಗ ಬೇರೆ ಊರಿನಲ್ಲಿ ಮೇಷ್ಟರ ಕೆಲಸ, ಅವಳ ತಲೆಯಲ್ಲೂ ನರೆ. ಬಡ್ತಿಗೆ ಬೇಕು ಎಂದು ಅವಳು ಆನ್‌ಲೈನಿನಲ್ಲಿ ಒಂದು ಪಾಠಮಾಲೆಗೆ ಹೆಸರು ಕೊಟ್ಟಿದ್ದಳು, ಆಧುನಿಕ ರಾಜಕೀಯ ಇತಿಹಾಸ ಅಂತ. ಅವಳಿಗೆ ಕೂತು ಕೇಳಲು ಪುರುಸೊತ್ತಿಲ್ಲ. ಬೇಸಿಗೆ ರಜಕ್ಕೆ ಬಂದಾಗ, "ನೀನಾದ್ರೂ ಕೇಳಮ್ಮ, ಮಿಷನ್ ತುಳೀತಾ ಸುಮ್ನೆ ಕೂತಿರ್ತೀಯಲ್ಲ" ಎಂದು ತಮಾಷೆಗೆ ನನ್ನ ಫೋನಿಗೂ ಹಾಕಿಕೊಟ್ಟು ಹೋದಳು. ನಾನು ಏಳನೇ ಕ್ಲಾಸಿಗೇ ಬಿಟ್ಟವಳು. ಮೊದಲ ಪಾಠ ಅರ್ಧಕ್ಕೆ ನಿದ್ದೆ ಬಂತು. ಎರಡನೆಯದಕ್ಕೆ ಬರಲಿಲ್ಲ.

ಪಾಠ ಮಾಡುತ್ತಿದ್ದವರು ಕಾತ್ಯಾಯಿನಿ ಮೇಡಂ. ತೆಳ್ಳಗಿನ ಹೆಂಗಸು, ಮಾತಿನ ಮಧ್ಯೆ ಕೆಮ್ಮು. ಒಮ್ಮೊಮ್ಮೆ ಅವರ ಹಿಂದಿನ ಕಿಟಕಿಯಲ್ಲಿ ಒಂದು ಬೆಕ್ಕು ಬಂದು ಕೂರುತ್ತಿತ್ತು, ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಅವರು ಯಾರನ್ನೂ ಹೊಗಳುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಹೀಗಾಯಿತು, ಅದರಿಂದ ಹೀಗಾಯಿತು ಎನ್ನುತ್ತಿದ್ದರು. ನನಗೆ ಮೈ ಜುಮ್ಮೆನ್ನುತ್ತಿದ್ದದ್ದು ಅದಕ್ಕೇ. ನನ್ನ ಮದುವೆಯಾದ ವರ್ಷ ಸೀಮೆಎಣ್ಣೆ ಯಾಕೆ ಸಿಗುತ್ತಿರಲಿಲ್ಲ, ಗಿರಣಿಯ ಸಂಘದ ಕಚೇರಿಗೆ ಯಾಕೆ ಬೀಗ ಬಿತ್ತು, ನಗರಸಭೆಗೆ ಓಟು ಹಾಕುವುದೇ ನಿಂತು ಎಲ್ಲಿಂದಲೋ ಒಬ್ಬ ಆಡಳಿತಾಧಿಕಾರಿ ಬಂದು ಯಾಕೆ ಕೂತ, ಎಲ್ಲಕ್ಕೂ ಒಂದೊಂದು ಹೆಸರಿತ್ತು. ನಮ್ಮ ಮೇಲೆ ಮಳೆ ಬಿಸಿಲಿನ ಹಾಗೆ ಬಿದ್ದದ್ದೆಲ್ಲ ಯಾರೋ ಕೂತು ಮಾಡಿದ ತೀರ್ಮಾನಗಳು! ಮಿಷನ್ ತುಳಿಯುವುದನ್ನು ಬಿಟ್ಟು ಕೇಳುತ್ತಿದ್ದೆ. ನನ್ನ ಗಂಡ ಒಗೆದ ಅಂಗಿ ಹಾಕಿಕೊಂಡು ಹೋದದ್ದು ಬರೀ ಒಬ್ಬ ಮುಖಂಡನಿಗಾಗಿ ಅಲ್ಲ, ಓಟು ವಾಪಸು ಕೊಡಿ ಎಂದು ಕೇಳುವುದಕ್ಕೆ ಎಂದು ತಿಳಿದದ್ದು ಎಂಟನೆಯ ಪಾಠದಲ್ಲಿ. ಆವತ್ತು ಅವನ ಮುಖ ಒರೆಸುವಾಗ, "ಹೇಳಿದ್ರೆ ನಂಗೂ ಅರ್ಥ ಆಗ್ತಿತ್ತು ಕಣೋ" ಎಂದೆ.

ಒಂಬತ್ತನೆಯ ಪಾಠದ ದಿನ ಟಾಕೀಸಿನ ಕಡೆ ಕರೆಂಟಿರಲಿಲ್ಲ. ಬೀದಿ ದಾಟಿ ಖಲಂದರನ ಸೈಕಲ್ ಅಂಗಡಿಗೆ ಹೋಗಿ ಫೋನು ಚಾರ್ಜಿಗೆ ಹಾಕಿ ಅಲ್ಲೇ ಸ್ಟೂಲಿನ ಮೇಲೆ ಕೂತೆ. ಕಿವಿಗೆ ಸಿಕ್ಕಿಸಿಕೊಳ್ಳುವ ವೈರು ನನಗಾಗದು, ಜೋರಾಗಿಯೇ ಹಾಕಿಕೊಳ್ಳುತ್ತಿದ್ದೆ. ಆ ಅಂಗಡಿಯ ಮುಂದೆ ನಿಂತಿದ್ದವನು ಲಾರಿ ಡ್ರೈವರ್ ಬೋರಲಿಂಗಯ್ಯ. ಅವನ ಎರಡೂ ಕೈ ಮುಂದಕ್ಕೆ ಚಾಚಿದ್ದರಿಂದ ಖಲಂದರ ಅದಕ್ಕೆ ಹಳೇ ಟೈರುಗಳನ್ನು ನೇತುಹಾಕುತ್ತಿದ್ದ. ಕಾತ್ಯಾಯಿನಿ ಮೇಡಂ ನಮ್ಮೂರಿನ ಹೆಸರು ಹೇಳಿದರು. ನಾನು ಸೆರಗು ಸರಿಮಾಡಿಕೊಂಡು ಕೂತೆ. ಅವರು ಎಂದಿನ ದನಿಯಲ್ಲೇ ಹೇಳುತ್ತ ಹೋದರು. ಮೆರವಣಿಗೆಯ ಹಿಂದಿನ ಸಂಜೆಯೇ ರಾಮಶೇಷಯ್ಯನವರು ಸರ್ಕಾರದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದರು. ಚುನಾವಣೆಯ ಬೇಡಿಕೆಯನ್ನು ಬಿಟ್ಟುಕೊಟ್ಟಿದ್ದರು. ಜನ ಅವರನ್ನು ಬಿಡಿ ಎಂದು ಕೂಗುತ್ತಿದ್ದಾಗ ಅವರು ಜೈಲಿನಲ್ಲಿರಲಿಲ್ಲ, ಪ್ರವಾಸಿ ಮಂದಿರದಲ್ಲಿ ತಿಂಡಿ ಮಾಡುತ್ತಿದ್ದರು. ಸುದ್ದಿಯನ್ನು ಮೆರವಣಿಗೆಯ ದಿನ ಸಂಜೆಯವರೆಗೆ ತಡೆಹಿಡಿಯೋಣ ಎಂದು ಎರಡೂ ಕಡೆಯವರು ಒಪ್ಪಿಕೊಂಡಿದ್ದರು. ಒಂದಿಷ್ಟು ಗಲಾಟೆಯಾದರೆ ಸರ್ಕಾರಕ್ಕೆ ಬಿಗಿ ತೋರಿಸಲು ಅನುಕೂಲ, ಅವರಿಗೆ ತಮ್ಮ ಹಿಂದೆ ಜನವಿದೆ ಎಂದು ತೋರಿಸಲು ಅನುಕೂಲ.

ಟೈರುಗಳು ನೆಲಕ್ಕೆ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಬೋರಲಿಂಗಯ್ಯನ ಕೈಗಳು ಕೆಳಗಿಳಿದಿದ್ದವು. ಅವನು ನನ್ನ ಫೋನನ್ನೇ ನೋಡುತ್ತಿದ್ದ. "ಸಹಿ ಹಾಕ್‌ಬುಟ್ಟಿದ್ನಾ?" ಎಂದು ಕೇಳಿದ. ಗಂಟಲು ಒಣಗಿದ ದನಿ. ಖಲಂದರ ಸ್ಪ್ಯಾನರು ಹಿಡಿದುಕೊಂಡೇ ಹೊರಗೆ ಬಂದ. ಬೋರಲಿಂಗಯ್ಯ ಅಂಗಡಿಯ ಮೆಟ್ಟಿಲ ಮೇಲೆ, ದಣಿದವರು ಕೂರುವಂತೆ, ನಿಧಾನಕ್ಕೆ ಕೂತ. ಆಮೇಲೆ ಮಲಗಿದ. ಅಷ್ಟು ವರ್ಷ ಬಾರದಿದ್ದ ರಕ್ತ ಆಗ ಬಂತು. ಬಿಸಿಯಾಗಿ, ಆಗತಾನೇ ಗುಂಡು ತಗಲಿದವನ ಹಾಗೆ. ಮೆಟ್ಟಿಲಿಂದ ಇಳಿದು ಟೈರುಗಳ ಕೆಳಗೆ ಹರಿಯಿತು.

ಅವನ ಮಗ ಕಾಳಪ್ಪನಿಗೆ ಐವತ್ತು ವರ್ಷ. ಓಡಿಬಂದವನು ಅಪ್ಪನನ್ನು ತೊಡೆಯ ಮೇಲೆ ಹಾಕಿಕೊಂಡು ಮಗುವಿನಂತೆ ಅತ್ತ. ಮಣ್ಣು ಮಾಡಿ ಬಂದ ಮೇಲೆ ನನ್ನ ಜಗಲಿಗೆ ಬಂದು ಕೂತು, "ನಮ್ಮಪ್ಪ ನಂಗಿಂತ ಚಿಕ್ಕೋನು ಚೆನ್ನಾಜಮ್ಮ. ಹೆಗಲ ಮೇಲೆ ಹೊತ್ಕೊಂಡಾಗ ಗೊತ್ತಾಯ್ತು, ಎಷ್ಟು ಹಗುರ. ಈಗ ಮನೇಲೆಲ್ರೂ ನಿದ್ದೆ ಮಾಡ್ತಾವ್ರೆ. ನಮ್ಮವ್ವ ಸಾಯೋಗಂಟ ಒಂದಿನ ನೆಟ್ಟಗೆ ನಿದ್ದೆ ಮಾಡ್ಲಿಲ್ಲ" ಎಂದ. ಅವನು ನನ್ನನ್ನು ಬಯ್ಯಲು ಬಂದಿದ್ದಾನೆ ಎಂದುಕೊಂಡಿದ್ದೆ. ಕೈಮುಗಿದು ಹೋದ.

ಬಯ್ಯುವವರೂ ಬಂದರು. ಎರಡು ಮನೆಯವರು ತಮ್ಮವರಿಗೂ ಆ ಪಾಠ ಕೇಳಿಸು ಎಂದು ಬಂದರೆ, ಮೂರು ಮನೆಯವರು ಫೋನು ಒಡೆದುಹಾಕುತ್ತೇವೆ ಎಂದು ಬಂದರು. ಒಬ್ಬ ಮುದುಕಿ ನನ್ನ ಮಿಷನ್ನಿನ ಮೇಲೆ ಕೈಯಿಟ್ಟು, "ಗೆದ್ದಿದೀನಿ ಅಂತ ಅಂದ್ಕೊಂಡು ನಿಂತಿದಾನೆ ನನ್ನ ತಮ್ಮ. ಅಷ್ಟಾದ್ರೂ ಅವನಿಗೆ ಇರ್ಲಿ ಬಿಡೆ" ಎಂದಳು. ನಾನು ಫೋನನ್ನು ಮನೆಯಲ್ಲೇ ಬಿಟ್ಟು ಬರತೊಡಗಿದೆ. ನಿರ್ಮಲಳಿಗೆ ಫೋನು ಮಾಡಿ ವಿಷಯ ಹೇಳಿದೆ. ಅವಳು, "ಅಪ್ಪಂಗೆ ಹೇಳ್ಬೇಡಮ್ಮ. ನಂಗೆ ಅಪ್ಪ ಅಂದ್ರೆ ನಿಂತಿರೋನೇ. ಬಿದ್ದೋನು ನಂಗೆ ಗೊತ್ತಿಲ್ಲ" ಎಂದಳು.

ಹೇಳುವ ಯೋಚನೆ ನನಗೂ ಇರಲಿಲ್ಲ. ಅಷ್ಟರಲ್ಲಿ ನಗರಸಭೆಯ ಇಂಜಿನಿಯರು ಬಂದರು. ಮರ್ಯಾದಸ್ಥ ಮನುಷ್ಯ, ಚಪ್ಪಲಿ ಬಿಟ್ಟು ಜಗಲಿ ಹತ್ತಿದರು. ಬೀದಿಯನ್ನು ಅಗಲ ಮಾಡುತ್ತಾರಂತೆ, ರಾಮಶೇಷಯ್ಯನವರ ಮೊಮ್ಮಗ ಬಂದು ಉದ್ಘಾಟನೆ ಮಾಡುತ್ತಾರಂತೆ.

"ಇವ್ರನ್ನ ಕಿತ್ರೆ ಬರಲ್ಲ, ಕೊಯ್ಯೋಣ ಅಂದ್ರೆ ಕೊಯ್ಯಕ್ಕಾಗಲ್ಲ, ಎಷ್ಟು ವರ್ಷದಿಂದ ನೋಡ್ತಿದೀವಿ. ನಿಮ್ಮ ಪಾಠದಿಂದ ಒಬ್ಬರು ಹೋದ್ರಂತೆ. ಸೋಮವಾರ ಬೆಳಿಗ್ಗೆ ರಸ್ತೆ ಬಂದ್ ಮಾಡಿಸಿ ಜೀಪಿನ ಮೇಲೆ ಮೈಕಿಟ್ಟು ಹಾಕಿಸ್ತೀವಿ. ಯಾವ ಪಾಠ ಅಂತ ತೋರಿಸಿದ್ರೆ ಸಾಕಮ್ಮ."

"ಊರೋರಿಗೆ ಕೇಳ್ಸಲ್ವಾ ಸಾರ್?"

"ಕಿಟಕಿ ಬಾಗಿಲು ಹಾಕ್ಕೊಂಡಿರಿ ಅಂತ ಡಂಗುರ ಹೊಡಿಸ್ತೀವಿ. ಊರೋರಿಗ್ಯಾಕೆ ಅದೆಲ್ಲ?"

"ಅದ್ರಲ್ಲಿ ರಾಮಶೇಷಯ್ಯನವ್ರ ಬಗ್ಗೆ ಏನು ಹೇಳವ್ರೆ ಅಂತ ಗೊತ್ತಾ ನಿಮ್ಗೆ? ನಿಜ ಅಂತೀರಾ, ಸುಳ್ಳು ಅಂತೀರಾ?"

ಅವರು ಒಂದು ಸಲ ಗುರುಮಲ್ಲುವಿನ ಕಡೆ ನೋಡಿ, "ನಿಜವೋ ಸುಳ್ಳೋ ನಂಗ್ಯಾಕಮ್ಮ? ಕೆಲಸ ಮಾಡುತ್ತಲ್ಲ" ಎಂದರು.

ನಾನು ತೋರಿಸಲಿಲ್ಲ. ತೋರಿಸದಿದ್ದರೇನು, ಪಾಠ ಎಲ್ಲರಿಗೂ ಸಿಗುವಂಥದ್ದೇ. ಅವರು ಹುಡುಕಿಕೊಂಡರು. ಭಾನುವಾರ ಸಂಜೆ ಡಂಗುರ ಹೊಡೆಯುತ್ತಾರೆ ಎಂದು ಸುದ್ದಿ ಬಂತು.

ಶನಿವಾರ ಕಾತ್ಯಾಯಿನಿ ಮೇಡಂ ಆನ್‌ಲೈನಿನಲ್ಲೇ ನೇರವಾಗಿ ಬಂದು ಕೇಳಿದ್ದಕ್ಕೆ ಉತ್ತರ ಹೇಳುವ ದಿನ. ಪರದೆಯ ಮೇಲೆ ಎಷ್ಟೋ ಮುಖಗಳು, ಎಲ್ಲ ಓದುವ ವಯಸ್ಸಿನವು. ನಾನು ಕೈ ಎತ್ತುವ ಗುರುತು ಒತ್ತಿದೆ. ನನ್ನ ಹೆಸರು ಕರೆದರು.

"ಮೇಡಂ, ಆವತ್ತು ಮೆರವಣಿಗೇಲಿ ಹೋದೋರಿಗೆ ಈ ಸಹಿ ವಿಚಾರ ಹೇಳ್ಬೇಕಾ, ಬೇಡ್ವಾ?"

"ಗುಂಡು ತಗಲಿದವರಲ್ಲಿ ಯಾರೂ ಉಳಿದಿಲ್ಲ ಅಂತ ನಾನು ತಿಳ್ಕೊಂಡಿದ್ದೆ ಅಮ್ಮ."

"ಇದಾರೆ ಮೇಡಂ. ನಮ್ಮ ಯಜಮಾನ್ರೇ ಇದಾರೆ. ಅವ್ರಿಗಿನ್ನೂ ಗೊತ್ತಿಲ್ಲ. ಗೊತ್ತಾದ್ರೆ ಉಳಿಯಲ್ಲ. ನಾಡಿದ್ದು ನಿಮ್ಮ ಪಾಠಾನ ಮೈಕಿನಲ್ಲಿ ಹಾಕಿ ಕೇಳಿಸ್ತಾರಂತೆ."

ಅವರು ಕನ್ನಡಕ ತೆಗೆದರು. ಹಾಕಿಕೊಂಡರು. ನಿಂತವರೆಂದರೆ ಏನು ಎಂದು ಅವರಿಗೆ ಅರ್ಥವಾಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. "ಪಾಠ ಮಾಡೋದು ನಂಗೆ ಗೊತ್ತು. ಹೇಳ್ಬೇಕೋ ಬೇಡ್ವೋ ಅನ್ನೋದನ್ನ ನೀವೇ ತೀರ್ಮಾನ ಮಾಡ್ಬೇಕಮ್ಮ" ಎಂದರು. ಮತ್ತೆ ಏನೋ ನೆನಪಾದಂತೆ, "ನಾನು ಇಲ್ಲಿ ಒಂದು ಕ್ಯಾಮೆರಾ ನೋಡ್ಕೊಂಡು ಮಾತಾಡಿದೀನಿ. ಯಾರ ಮುಖಾನೂ ನೋಡಿಲ್ಲ. ಅವ್ರು ಅದನ್ನ ಕೇಳ್ಲೇಬೇಕು ಅಂತಾದ್ರೆ, ನನ್ನಿಂದ ಕೇಳೋದು ಬೇಡ" ಎಂದರು.

ಸೋಮವಾರ ನಡೆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಆಮೇಲೆ ಅದರ ಮಾತು ಬೇಡ. ಜೀಪು ಬಂತು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಿಧಾನಕ್ಕೆ ಹೋಯಿತು. ಬಾಗಿಲು ಹಾಕಿಕೊಂಡಿದ್ದ ಮನೆಗಳ ಒಳಗೆ ಎಲ್ಲರಿಗೂ ಪಾಠ ಕೇಳಿಸಿತು, ಆದರೆ ಕೇಳಿಸಿತು ಎಂದು ಯಾರೂ ಹೇಳಲಿಲ್ಲ. ಬೀದಿಯಲ್ಲಿ ನಿಂತವರು ಒಬ್ಬೊಬ್ಬರಾಗಿ ಏನೇನೋ ಕೇಳಿದರಂತೆ. ಉತ್ತರ ಹೇಳಲು ಅಲ್ಲಿ ಡ್ರೈವರನ ಹೊರತು ಯಾರೂ ಇರಲಿಲ್ಲ, ಅವನು ಗಾಜು ಏರಿಸಿಕೊಂಡಿದ್ದ. ಮಧ್ಯಾಹ್ನ ನೀರಿನ ಟ್ಯಾಂಕರು ಬಂದು ತೊಳೆಯಿತು. ಈಗ ಅಲ್ಲಿ ಒಳ್ಳೆಯ ರಸ್ತೆಯಿದೆ.

ನಾನು ಹೇಳಬೇಕಾದದ್ದು ಭಾನುವಾರದ್ದು. ನಿರ್ಮಲ ಬೆಳಗಿನ ಬಸ್ಸಿಗೇ ಬಂದಳು. ಜಗಳವಾಡಲೆಂದೇ ಬಂದವಳು ನನ್ನ ಮುಖ ನೋಡಿ ಆಡಲಿಲ್ಲ. ಇಬ್ಬರೂ ಸೇರಿ ಅವನಿಗೆ ನೀರು ಹಾಕಿ ಮೈ ಒರೆಸಿದೆವು. ಮಧ್ಯಾಹ್ನದ ಬಿಸಿಲಿಗೆ ಬೀದಿ ಖಾಲಿಯಿತ್ತು. ಅವಳು ಅವನ ಹಿಂದೆ, ಟಾಕೀಸಿನ ಮೆಟ್ಟಿಲ ಮೇಲೆ ಹೋಗಿ ನಿಂತಳು. ನಾನು ಅವನ ಎದುರಿಗೆ ಸ್ಟೂಲು ಹಾಕಿಕೊಂಡು ಹತ್ತಿ ನಿಂತೆ, ಮುಖಕ್ಕೆ ಮುಖ ಸರಿಯಾಗಿ ಬರಲಿ ಎಂದು.

ಎಲ್ಲಿಂದ ಶುರುಮಾಡುವುದು? ಮೇಡಂ ಥರ ಹೇಳಲು ನೋಡಿದೆ, ಬರಲಿಲ್ಲ. ನನಗೆ ಬಂದ ಹಾಗೆ ಹೇಳಿದೆ. "ಗಿರಣಿ ಮುಚ್ಚಿಹೋಯ್ತು. ನಿಮ್ಮ ಸಂಘದೋರು ಯಾರೂ ಈಗಿಲ್ಲ. ಓಟು ವಾಪಸ್ ಬಂತು, ಆದ್ರೆ ಒಂಬತ್ತು ವರ್ಷ ಬಿಟ್ಟು ಬಂತು, ಅದೂ ಅವ್ರವ್ರಿಗೇ ಅನುಕೂಲ ಆದಾಗ. ಕೇಳಿದೋರು ನೀವು ಅಂತ ಯಾರೂ ಹೇಳ್ಲಿಲ್ಲ" ಎಂದೆ. ಅವನು ನಿಂತೇ ಇದ್ದ. ಇಷ್ಟಕ್ಕೇ ನಿಲ್ಲಿಸಿಬಿಡೋಣ, ನಾಳೆ ಏನಾದರೂ ಆಗಲಿ ಎಂದು ಒಂದು ಗಳಿಗೆ ಅನ್ನಿಸಿತು. ಆಗ ಬರಲಿರುವ ಜೀಪು, ಮೈಕು, ಅದರೊಳಗೆ ಕೂತ ಯಾರೋ ಎಲ್ಲ ಕಣ್ಣ ಮುಂದೆ ಬಂದವು. ಅವನ ಕೆನ್ನೆಯ ಎರಡೂ ಕಡೆ ಕೈಯಿಟ್ಟೆ. ಅಷ್ಟು ಬಿಸಿಲಿನಲ್ಲೂ ತಣ್ಣಗಿತ್ತು. "ನೀವು ಹೊರಡೋ ಹಿಂದಿನ ಸಾಯಂಕಾಲವೇ ರಾಮಶೇಷಯ್ಯ ಸಹಿ ಹಾಕ್‌ಬಿಟ್ಟಿದ್ದ. ನೀವು ಕೂಗ್ತಾ ಇದ್ದಾಗ ಅವನು ಜೈಲಲ್ಲಿರ್ಲಿಲ್ಲ. ನಿಮ್ಗೆ ಹೇಳ್ಬೇಡಿ ಅಂತ ಅವನೇ ಹೇಳಿದ್ದ. ಸುಮ್ನೆ ಹೋಯ್ತು ನಿಮ್ಮ ಜೀವ" ಎಂದೆ.

ಮುಷ್ಟಿ ಸಡಿಲವಾಯಿತು. ಎತ್ತಿದ ಕೈ ನಿಧಾನಕ್ಕೆ ಇಳಿದು ನನ್ನ ಹೆಗಲ ಮೇಲೆ ಬಿತ್ತು. ಕಣ್ಣು ಮಿಟುಕಿಸಿದ. ನನ್ನ ಕೈಯ ಕೆಳಗೆ ಅವನ ಕೆನ್ನೆ ಬಿಸಿಯಾಗುತ್ತ ಬಂತು. ನಿರ್ಮಲ ಓಡಿಬಂದು ಹಿಂದಿನಿಂದ ಅವನ ಕಂಕುಳಿಗೆ ಕೈಕೊಟ್ಟಳು. ಮೂವರೂ ಹೇಗೋ ನೆಲಕ್ಕೆ ಕೂತೆವು, ಅವನ ತಲೆ ನನ್ನ ಮಡಿಲಿಗೆ ಬಂತು. ಅವನು ನನ್ನನ್ನು ನೋಡಿದ. ನನ್ನ ಹೆಸರು ಕರೆಯುತ್ತಾನೆ ಎಂದು ನಾನು ಬಗ್ಗಿದೆ.

"ಅಜ್ಜೀ" ಎಂದ. "ಇದನ್ನ ನಮ್ಮನೇಲಿ ಯಾರಿಗೂ ಹೇಳ್ಬೇಡಿ. ನನ್ನ ಹೆಂಡ್ತಿ ತುಂಬಿದ ಬಸುರಿ. ಕೇಳಿದ್ರೆ ತಡ್ಕೊಳ್ಳಲ್ಲ. ನಮ್ಮವ್ರು ಗೆದ್ರು ಅಂತ ಹೇಳಿ."

ನಿರ್ಮಲಳ ಬಾಯಿಂದ ಒಂದು ಸದ್ದು ಬಂತು. ನಾನು ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದೆ. ಅಂಗಿಯ ಎಡಗಡೆ ಒದ್ದೆಯಾಗುತ್ತಿತ್ತು.

"ಹೇಳ್ತೀನಪ್ಪ. ಗೆದ್ರು ಅಂತಲೇ ಹೇಳ್ತೀನಿ. ಅವಳು ಚೆನ್ನಾಗಿರ್ತಾಳೆ. ನೀನು ಮಲಗು" ಎಂದೆ.

ಅವನು ತಲೆಯಾಡಿಸಿ ಕಣ್ಣು ಮುಚ್ಚಿದ.